ಸ್ವಾಮಿ ಮೇಷ್ಟ್ರಿಗೆ ಚೆನ್ನಾಗಿ ಗೊತ್ತಿರುವವರು

ರಾಮಾಪುರದ ಗುರುಪಾದಸ್ವಾಮಿ ಮೇಷ್ಟ್ರ ಮನೆಯಿಂದ ಹೆಣ್ಣು ತಂದುಬಿಡಬಹುದು, ಆದರೆ ಅವರಿಂದ ಒಂದು ಸಹಿ ತರುವುದು ಕಷ್ಟ ಎಂದು ಹನೂರಿನ ಜೆರಾಕ್ಸ್ ಅಂಗಡಿಯವರು ಆಡಿಕೊಳ್ಳುವುದುಂಟು. ಆ ಮಾತು ಪೂರ್ತಿ ಸುಳ್ಳೂ ಅಲ್ಲ. ಇಬ್ಬರು ಹೆಣ್ಣುಮಕ್ಕಳ ಸಂಬಂಧವನ್ನೂ ಒಂದೊಂದೇ ಭಾನುವಾರದಲ್ಲಿ ಒಪ್ಪಿ, ಎಲೆ ಅಡಿಕೆ ಬದಲಾಯಿಸಿ ಮುಗಿಸಿದ ಈ ಮನುಷ್ಯ, ಯಾರದೋ ಮಗನ ನಡತೆ ಪ್ರಮಾಣಪತ್ರಕ್ಕೆ ಮೂರು ಭಾನುವಾರ ತೆಗೆದುಕೊಂಡಿದ್ದರು.

ಊರು ಮೇಷ್ಟ್ರು ಎಂದು ಕರೆದರೂ ಅವರು ಹನೂರಿನ ಒಂದು ಸರ್ಕಾರಿ ಪದವಿಪೂರ್ವ ಕಾಲೇಜಿನ ಪ್ರಾಂಶುಪಾಲರು. ಹಸಿರು ಇಂಕಿನಲ್ಲಿ ಸಹಿ ಹಾಕಿ ಮೊಹರು ಒತ್ತುವ ಗೆಜೆಟೆಡ್ ಅಧಿಕಾರಿ. ಸರ್ಕಾರಿ ಕೆಲಸ ಸಿಕ್ಕಿದವರು ಇಂಥ ಅಧಿಕಾರಿಗಳಿಂದ ನಡತೆ ಪ್ರಮಾಣಪತ್ರ ತರಬೇಕಾಗುತ್ತದೆ. ಅದರ ಇಂಗ್ಲಿಷ್ ನಮೂನೆ ಯಾವ ಜೆರಾಕ್ಸ್ ಅಂಗಡಿಯಲ್ಲಾದರೂ ಸಿಗುತ್ತದೆ. ಇಂಥವರು ಕಳೆದ ಇಷ್ಟು ವರ್ಷಗಳಿಂದ ನನಗೆ ‘ವೆಲ್ ನೋನ್’, ಅಂದರೆ ಚೆನ್ನಾಗಿ ಗೊತ್ತಿರುವವರು, ಇವರ ನಡತೆ ಒಳ್ಳೆಯದು ಎಂದು ಅದರಲ್ಲಿ ಮೊದಲೇ ಅಚ್ಚಾಗಿರುತ್ತದೆ. ಹೆಸರು ತುಂಬಿ, ವರ್ಷ ತುಂಬಿ, ಸಹಿ ಎಳೆದರೆ ಆಯಿತು. ಲೋಕವೆಲ್ಲ ಹಾಗೇ ಮಾಡುತ್ತದೆ, ಲೋಕ ನಡೆಯುತ್ತಲೂ ಇದೆ. ನಮ್ಮ ಮೇಷ್ಟ್ರು ಮಾತ್ರ ಆ ‘ವೆಲ್ ನೋನ್’ ಹತ್ತಿರಕ್ಕೆ ಬಂದು ಪೆನ್ನು ಕೆಳಗಿಟ್ಟುಬಿಡುತ್ತಿದ್ದರು.

ಇದಕ್ಕೊಂದು ಹಳೇ ಸಿಟ್ಟು ಕಾರಣ. ಮೇಷ್ಟ್ರು ಮೂಲತಃ ಮುಳ್ಳೂರಿನ ಒಕ್ಕಲು ಮನೆಯವರು. ಮೂವತ್ತು ವರ್ಷದ ಹಿಂದೆ ಲೆಕ್ಚರರ್ ಕೆಲಸದ ಆದೇಶ ಕೈಗೆ ಬಂದಾಗ ಇದೇ ನಮೂನೆ ಹಿಡಿದುಕೊಂಡು ಕೊಳ್ಳೇಗಾಲದ ಒಬ್ಬ ಅಧಿಕಾರಿಯ ಮುಂದೆ ನಿಂತಿದ್ದರು. ಆ ಮಹಾಶಯರು ಮೇಜಿನ ಮೇಲಿನ ಕಡತದಿಂದ ತಲೆಯೆತ್ತಲಿಲ್ಲ. ಐದು ವರ್ಷದಿಂದ ಚೆನ್ನಾಗಿ ಗೊತ್ತು ಎಂದು ಬರೆದು ಸಹಿ ಹಾಕಿ, ಆಮೇಲೆ “ಹೆಸರೇನಂದ್ರಿ?” ಎಂದು ಕೇಳಿದ್ದರು. ಕೆಲಸವೇನೋ ಆಯಿತು. ಆದರೆ ಆ ಕಾಗದ ಹಿಡಿದು ಹೊರಗೆ ಬಂದ ಗುರುಪಾದಸ್ವಾಮಿಗೆ ಯಾರೋ ತನ್ನನ್ನು ಅಳಿಸಿಹಾಕಿದಷ್ಟು ಅವಮಾನವಾಗಿತ್ತು. ತನಗೆ ಹಸಿರು ಇಂಕು ಬಂದ ದಿನ ಹೀಗೆ ಮಾಡುವುದಿಲ್ಲ ಎಂದು ಬಸ್ ನಿಲ್ದಾಣದಲ್ಲಿ ಕಡಲೆಕಾಯಿ ತಿನ್ನುತ್ತಾ ಶಪಥ ಮಾಡಿದ್ದರು.

ಅಂದಿನಿಂದ ಈ ಎರಡು ಪದ ಅವರಿಗೆ ಒಂದು ಹಟವೇ ಆಯಿತು. ಇಂಗ್ಲಿಷ್ ತರಗತಿಯಲ್ಲಿ ‘ವೆಲ್ ನೋನ್’ ಹಾಕಿ ಒಂದು ವಾಕ್ಯ ಬರೆಯಿರಿ ಎಂದು ಪ್ರತಿವರ್ಷ ಹೇಳುತ್ತಿದ್ದರು. ವ್ಯಾಕರಣ ಸರಿಯಿದ್ದರೆ ಅರ್ಧ ಅಂಕ, ಬರೆದದ್ದು ನಿಜವಾಗಿದ್ದರೆ ಇನ್ನರ್ಧ. ನಮ್ಮ ಅತ್ತೆ ಜಗಳಕ್ಕೆ ಇಡೀ ಲೊಕ್ಕನಹಳ್ಳಿಯಲ್ಲಿ ‘ವೆಲ್ ನೋನ್’ ಎಂದು ಒಬ್ಬ ಹುಡುಗಿ ಬರೆದಾಗ, ಮೇಷ್ಟ್ರು ಆ ಕಡೆಯ ಇಬ್ಬರನ್ನು ವಿಚಾರಿಸಿ ಪೂರ್ತಿ ಅಂಕ ಕೊಟ್ಟಿದ್ದರು. ನಮ್ಮ ಪ್ರಿನ್ಸಿಪಾಲರು ಶಾಂತ ಸ್ವಭಾವಕ್ಕೆ ‘ವೆಲ್ ನೋನ್’ ಎಂದು ಬರೆದ ಜಾಣನಿಗೆ ಅರ್ಧ ಅಂಕವೇ ಸಿಕ್ಕಿತು. ತರಗತಿಯೆಲ್ಲ ಬೆಂಚು ಕುಟ್ಟಿ ನಕ್ಕಿತ್ತು.

ಸಹಿಗೆ ಬಂದವರಿಗೂ ಒಂದು ಕ್ರಮವಿತ್ತು. ಮನೆಯ ಜಗಲಿಯಲ್ಲಿ ಕೂರಿಸಿ ಒಂದು ಬಿಳಿ ಹಾಳೆ ಕೊಡುವರು. “ನಿನ್ನೆ ಎದ್ದಾಗಿನಿಂದ ಮಲಗೋ ತನಕ ಏನೇನ್ ಮಾಡ್ದೆ, ಬರಿ. ಕನ್ನಡದಲ್ಲೇ ಬರಿ. ದೊಡ್ಡ ಮಾತು ಬೇಡ” ಎನ್ನುವರು. ತನ್ನ ಬಗ್ಗೆ ಹೊಗಳಿಕೊಂಡು ಬರಿ ಎಂದರೆ ಎಲ್ಲರೂ ಬರೆಯುತ್ತಾರೆ, ನಿನ್ನೆಯ ದಿನ ಬರಿ ಎಂದರೆ ಮನುಷ್ಯ ಎಲ್ಲಾದರೂ ಒಂದು ಕಡೆ ಸಿಕ್ಕಿಬೀಳುತ್ತಾನೆ ಎಂಬುದು ಅವರ ನಂಬಿಕೆ. ಹಾಳೆ ಓದಿ, ಅದರ ಮೇಲೆ ಮಾತಾಡಿ, ಬೇಕಾದರೆ ಅವರ ಮನೆಗೂ ಹೋಗಿ ಬಂದು, ಆಮೇಲೆ ಸಹಿ. ಅದರಲ್ಲೂ ಸುಳ್ಳು ಇಲ್ಲ. ಮೂರು ಭಾನುವಾರ ಬಂದವನ ಕಾಗದದಲ್ಲಿ ‘ವರ್ಷ’ ಎಂಬ ಮಾತು ಹೊಡೆದುಹಾಕಿ ‘ಮೂರು ವಾರಗಳಿಂದ ಚೆನ್ನಾಗಿ ಗೊತ್ತು’ ಎಂದು ಬರೆದರು. ಅದನ್ನು ನೋಡಿದ ಕಚೇರಿಯವರು ವಾಪಸ್ ಕಳಿಸಿದರು, ಪಾಪ ಆ ಹುಡುಗ ಬೇರೆ ಅಧಿಕಾರಿಯನ್ನು ಹುಡುಕಿಕೊಂಡ.

ಇಷ್ಟು ಶಿಸ್ತಿನ ಮನುಷ್ಯನಿಗೆ ಒಂದು ಜಂಬವೂ ಇತ್ತು. ಅದು ಬಸ್ಸಿನ ಸೀಟಿನ ಜಂಬ. ಹೆಂಡತಿ ಚನ್ನಮಲ್ಲಮ್ಮನ ತವರು ರಾಮಾಪುರ, ಮನೆಯೂ ಅಲ್ಲೇ. ಹೂಗ್ಯಂನಿಂದ ಬೆಳಗ್ಗೆ ಏಳಕ್ಕೆ ಹೊರಡುವ ಕೊಳ್ಳೇಗಾಲದ ಬಸ್ಸು ಏಳೂ ನಲವತ್ತಕ್ಕೆ ರಾಮಾಪುರಕ್ಕೆ ಬರುತ್ತದೆ. ಅಷ್ಟು ಹೊತ್ತಿಗೆ ಒಳಗೆ ಕಾಲಿಡಲು ಜಾಗವಿರುವುದಿಲ್ಲ. ಹೆಂಗಸರಿಗೆ ಟಿಕೆಟ್ ಇಲ್ಲವೆಂದಾದ ಮೇಲಂತೂ ಗಂಡಸರು ಸೀಟಿನ ಆಸೆಯನ್ನೇ ಬಿಟ್ಟಿದ್ದರು. ಮೇಷ್ಟ್ರು ಹತ್ತಿದರೆ ಮಾತ್ರ ಯಾರೋ ಇಳಿಯುವವರು ಎದ್ದಿರುತ್ತಿದ್ದರು, ಸೀಟು ಖಾಲಿಯಾಗುತ್ತಿತ್ತು. “ಥ್ಯಾಂಕ್ಸ್ ಅಮ್ಮ” ಎಂದು ಕೂತು, ಚೀಲದಿಂದ ಉತ್ತರಪತ್ರಿಕೆ ತೆಗೆದು, ಹನೂರು ಬರುವ ತನಕ ತಲೆ ಬಗ್ಗಿಸಿ ತಿದ್ದುತ್ತಿದ್ದರು. “ಆರು ವರ್ಷ ಆಯ್ತು ಕಣ್ರಿ, ಒಂದು ದಿನ ನಿಂತು ಹೋಗಿಲ್ಲ ನಾನು. ನನ್ನ ಹಣೇಲಿ ಸೀಟು ಬರ್ದಿದೆ” ಎಂದು ಸ್ಟಾಫ್ ರೂಮಿನಲ್ಲಿ ಹೇಳುತ್ತಿದ್ದರು. ಮಂಡಿನೋವಿನ ಮನುಷ್ಯ, ಹೇಳಿಕೊಳ್ಳಲಿ ಎಂದು ಯಾರೂ ಎದುರಾಡುತ್ತಿರಲಿಲ್ಲ.

ಅವರ ನಿವೃತ್ತಿಗೆ ಇನ್ನು ಎಂಟು ತಿಂಗಳು ಇದ್ದಾಗ, ಒಂದು ಶನಿವಾರ ಮಧ್ಯಾಹ್ನ, ಕಾಲೇಜು ಮುಗಿಯುವ ಹೊತ್ತಿಗೆ ಒಬ್ಬಳು ಹುಡುಗಿ ಅವರ ಕೋಣೆಯ ಬಾಗಿಲಲ್ಲಿ ಬಂದು ನಿಂತಳು. ಇಪ್ಪತ್ತೆರಡರ ಪ್ರಾಯ, ಎಣ್ಣೆ ಹಾಕಿ ಬಿಗಿದ ಜಡೆ, ಎದೆಗೆ ಅವುಚಿಕೊಂಡ ಪ್ಲಾಸ್ಟಿಕ್ ಫೈಲು. ಹೆಸರು ರಾಣಿ, ಊರು ಹೂಗ್ಯಂ. ಸಾರಿಗೆ ಸಂಸ್ಥೆಯಲ್ಲಿ ಕಂಡಕ್ಟರ್ ಕೆಲಸಕ್ಕೆ ಆಯ್ಕೆಯಾಗಿದ್ದಳು. ಸೋಮವಾರ ಹನ್ನೊಂದೂವರೆಗೆ ಚಾಮರಾಜನಗರದಲ್ಲಿ ದಾಖಲೆ ಪರಿಶೀಲನೆ. ಓದಿದ ಕಾಲೇಜಿನವರಲ್ಲದ, ನೆಂಟರೂ ಅಲ್ಲದ ಇಬ್ಬರು ಗೆಜೆಟೆಡ್ ಅಧಿಕಾರಿಗಳ ನಡತೆ ಪ್ರಮಾಣಪತ್ರ ಬೇಕಿತ್ತು. ಒಂದನ್ನು ರಾಮಾಪುರದ ಪಶುವೈದ್ಯರು ಕೊಟ್ಟಿದ್ದರು, ಅವರಿಗೆ ರಾಣಿಯ ಪರಿಚಯ ಮನೆಯ ಎಮ್ಮೆಯ ಮೂಲಕ. ಇನ್ನೊಂದನ್ನು ಕೊಡುತ್ತೇನೆಂದಿದ್ದ ಡಾಕ್ಟರು ಮಗಳ ಬಾಣಂತನಕ್ಕೆಂದು ಹಠಾತ್ತನೆ ರಜೆ ಹಾಕಿ ಹೋಗಿದ್ದರು.

“ಒಂದ್ ಸೈನ್ ಬೇಕಾಗಿತ್ತು ಸಾ” ಎಂದಳು ರಾಣಿ.

“ನಿನ್ನ ನಾನು ಎಲ್ಲಿ ನೋಡಿದ್ದೀನಮ್ಮ?”

ರಾಣಿ ಏನೋ ಹೇಳಲು ಬಾಯಿ ತೆರೆದಳು, ಮುಚ್ಚಿದಳು. ಆಮೇಲೆ ಮೆಲ್ಲಗೆ, “ನೀವು ನನ್ನ ನೋಡಿಲ್ಲ ಸಾ” ಎಂದಳು.

ಮೇಷ್ಟ್ರಿಗೆ ಈ ಉತ್ತರ ಹಿಡಿಸಿತು. ಇಂಥ ಹೊತ್ತಿನಲ್ಲಿ ಎಲ್ಲರೂ ಎಲ್ಲೋ ನೋಡಿದ್ದೀರಿ, ಯಾವುದೋ ಮದುವೆಯಲ್ಲಿ ಕಂಡಿದ್ದಿರಿ ಎಂದು ಕತೆ ಕಟ್ಟುತ್ತಾರೆ. ಆದರೆ ನಮೂನೆ ನೋಡಿದರೆ ಮೂರು ವರ್ಷಕ್ಕೆ ಕಮ್ಮಿಯಿಲ್ಲದೆ ಗೊತ್ತಿರಬೇಕು ಎಂದು ಕೆಳಗೆ ಸ್ಪಷ್ಟವಾಗಿ ಬರೆದಿತ್ತು. ಈಕೆ ಗೊತ್ತಾಗಿ ಇನ್ನೂ ಮೂರು ನಿಮಿಷ. ಮೇಷ್ಟ್ರು ಎರಡು ಸಲ ಕನ್ನಡಕ ಒರೆಸಿಕೊಂಡರು. “ನಾಳೆ ಬೆಳಗ್ಗೆ ರಾಮಾಪುರದ ನಮ್ಮ ಮನೆಗೆ ಬಾ. ಮೊದಲು ನಾನು ನಿನ್ನ ತಿಳ್ಕೋಬೇಕು. ಆಮೇಲೆ ಏನ್ ಮಾಡಬಹುದು ನೋಡೋಣ” ಎಂದರು.

ಅವಳ ಮುಖ ಬಾಡಿಹೋಯಿತು. ಕೈಮುಗಿದು ಹೊರಟಳು. ಆ ಸಂಜೆ ಮೇಷ್ಟ್ರಿಗೆ ಊಟವೇ ರುಚಿಸಲಿಲ್ಲ. ಒಂದು ಹೆಣ್ಣುಮಗುವಿನ ಕೆಲಸ ತನ್ನ ಪೆನ್ನಿನ ತುದಿಯಲ್ಲಿ ನೇತಾಡುತ್ತಿದೆ ಎಂದು ಅವರಿಗೆ ಗೊತ್ತಿತ್ತು. ಸುಳ್ಳು ಬರೆಯುವುದು ತನ್ನ ಕೈಲಿ ಆಗುವುದಿಲ್ಲ ಎಂದೂ ಗೊತ್ತಿತ್ತು. “ಒಂದೇ ಒಂದು ಸಲ ಬರೆದ್ರೆ ಏನಾಗುತ್ರೀ?” ಎಂದು ಚನ್ನಮಲ್ಲಮ್ಮ ಕೇಳಿದ್ದಕ್ಕೆ, ಮೇಷ್ಟ್ರು ಮಜ್ಜಿಗೆಯನ್ನು ಪೂರ್ತಿ ಕುಡಿಯದೆ ಎದ್ದುಹೋದರು.

ಭಾನುವಾರ ಎಂಟೂವರೆಗೆ ಮನೆಯ ಮುಂದೆ ಒಂದು ಗೂಡ್ಸ್ ಆಟೋ ಬಂದು ನಿಂತಿತು. ಒಬ್ಬಳು ಹುಡುಗಿ ಬರುತ್ತಾಳೆಂದು ಕಾಯುತ್ತಿದ್ದ ಮೇಷ್ಟ್ರು ಎಣಿಸಿದರು. ಹಿಂದಿನಿಂದ ಹನ್ನೆರಡು ಜನ ಇಳಿದರು, ಮುಂದಿನಿಂದ ಇಬ್ಬರು. ಎಲ್ಲರಿಗಿಂತ ಮೊದಲು ಕೋಲೂರಿಕೊಂಡು ಜಗಲಿ ಹತ್ತಿದ್ದು ಎಪ್ಪತ್ತು ದಾಟಿದ ಒಂದು ಮುದುಕಿ. ಎಲ್ಲರಿಗಿಂತ ಹಿಂದೆ, ಭೂಮಿ ಬಾಯಿ ಬಿಟ್ಟರೆ ಸಾಕು ಎಂಬಂತೆ ನಿಂತಿದ್ದವಳು ರಾಣಿ.

“ನಾನು ದೊಡ್ಡಬಸಮ್ಮ ಸಾ, ಈ ಕೂಸಿನ ಅಜ್ಜಿ” ಎಂದಿತು ಮುದುಕಿ. “ನೀವು ತಿಳ್ಕಬೇಕು ಅಂದ್ರಂತಲ್ಲ? ತಿಳ್ಕಳಿ. ಒಬ್ರನ್ನೂ ಬುಟ್ಟಿಲ್ಲ. ಎಲ್ರನೂ ಕರ್ಕಬಂದಿವ್ನಿ.”

ಮೇಷ್ಟ್ರು ಹುಡುಗಿಯನ್ನು ತಿಳಿಯಬೇಕು ಎಂದಿದ್ದರು. ಹೂಗ್ಯಂನ ಆ ಮನೆಯಲ್ಲಿ ಅದು ಮನೆತನವನ್ನು ತಿಳಿಯಬೇಕು ಎಂದಾಗಿತ್ತು. ಅದರಲ್ಲಿ ತಪ್ಪೇನಿದೆ? ಆ ಕಡೆ ಯಾರಾದರೂ ನೀನು ಯಾರು ಎಂದು ಕೇಳಿದರೆ, ಯಾರ ಮಗಳು, ಯಾರ ಮೊಮ್ಮಗಳು, ಯಾವ ಬೀದಿ ಎಂದೇ ಅರ್ಥ. ಮೂರು ವರ್ಷದ ಪರಿಚಯವನ್ನು ಒಂದೇ ಬೆಳಗ್ಗೆ ಮಾಡಿ ಮುಗಿಸಬೇಕು ಎಂದರೆ ಇದ್ದಬದ್ದ ನೆಂಟರನ್ನೆಲ್ಲ ಹೇರಿಕೊಂಡು ಬರದೆ ಬೇರೆ ದಾರಿಯಾದರೂ ಏನಿತ್ತು!

ಆಟೋ ಓಡಿಸಿಕೊಂಡು ಬಂದ ಸೋದರಮಾವ ಶಾಂತರಾಜು ಕೈಯಲ್ಲಿ ಒಂದು ನಾಟಿ ಕೋಳಿಯನ್ನು ತಲೆಕೆಳಗಾಗಿ ಹಿಡಿದುಕೊಂಡು ಜಗಲಿಗೆ ಬಂದ. ದೊಡ್ಡಬಸಮ್ಮ ಕೋಲೆತ್ತಿತು. “ಲೇ ಮಂಕೇ, ಲಿಂಗ ಕಟ್ಟೋರ ಅಟ್ಟಿಗೆ ಕೋಳಿ ತಕಂಡು ಬಂದಿದ್ದೀಯಲ್ಲ, ಬುದ್ಧಿ ಎಲ್ಲಿ ಮಡಗಿದ್ದೆ?” ಎಂದು ಗದರಿತು. ಶಾಂತರಾಜು ನಾಲಿಗೆ ಕಚ್ಚಿಕೊಂಡು ಕೋಳಿಯನ್ನು ವಾಪಸ್ ಆಟೋದಲ್ಲಿ ಕಟ್ಟಿಹಾಕಿದ. ಅದು ಆಮೇಲೆ ನಡೆದ ಎಲ್ಲಕ್ಕೂ ಅಲ್ಲಿಂದಲೇ ಕೊಕ್ಕೊಕ್ಕೋ ಎನ್ನುತ್ತಿತ್ತು. ಒಳಗಿನಿಂದ ಬಂದ ಚನ್ನಮಲ್ಲಮ್ಮ ಇಷ್ಟು ಜನವನ್ನು ಕಂಡು ಹೌಹಾರುವ ಬದಲು ಹಿಗ್ಗಿಬಿಟ್ಟರು. ಹೆಣ್ಣುಮಕ್ಕಳು ಮದುವೆಯಾಗಿ ಹೋದ ಮೇಲೆ ಆ ಮನೆಯಲ್ಲಿ ದೊಡ್ಡ ಪಾತ್ರೆ ಇಳಿದೇ ಇರಲಿಲ್ಲ. ಎರಡು ಸೇರು ರವೆ ಹುರಿಯಲು ಇಟ್ಟರು, ಬಂದ ಹೆಂಗಸರಲ್ಲಿ ಇಬ್ಬರು ತಾವಾಗಿಯೇ ಈರುಳ್ಳಿ ಹೆಚ್ಚಲು ಕೂತರು.

“ಕುಂಬಳಕಾಯಿ, ಹುರುಳಿ ಎಲ್ಲ ಯಾಕೆ ಇಳಿಸ್ತಿದ್ದೀರಿ? ಸಹಿಗೆ ನಾನು ಏನೂ ತಗೊಳ್ಳಲ್ಲ” ಎಂದು ಮೇಷ್ಟ್ರು ಕೂಗಿದರು.

“ಸೈನ್‌ಗೆ ಯಾರ್ ತಂದವ್ರೆ ಸಾ? ಅಕ್ಕಾವ್ರು ಉಪ್ಪಿಟ್ಟು ಮಾಡ್ತಾವ್ರಲ್ಲ, ಅದ್ಕೆ” ಎಂದಿತು ಮುದುಕಿ.

ಪರಿಚಯ ಶುರುವಾಯಿತು. ಇವನು ದೊಡ್ಡಪ್ಪ, ಇವಳು ಸಣ್ಣತ್ತೆ, ಇವನು ಸಣ್ಣತ್ತೆಯ ಮೈದುನ. ಗಡಿಯಾಚೆಯಿಂದ ಸೊಸೆಯಾಗಿ ಬಂದ ಚಿಕ್ಕಮ್ಮ ಒಬ್ಬಳು “ನಲ್ಲ ಪುಳ್ಳ ಸಾ, ರೊಂಬ ಒಳ್ಳೆ ಕೂಸು” ಎಂದು ತಮಿಳಲ್ಲೂ ಕನ್ನಡದಲ್ಲೂ ಸಾಕ್ಷಿ ನುಡಿದಳು. ಒಬ್ಬರು ಅವಳು ಐದನೇ ವಯಸ್ಸಿನಲ್ಲಿ ತೊಟ್ಟಿಗೆ ಬಿದ್ದದ್ದನ್ನು ಹೇಳಿದರು, ಮತ್ತೊಬ್ಬರು ತೊಟ್ಟಿಯಲ್ಲ, ಹೊಂಡ ಎಂದರು. ಅದರ ಮೇಲೆ ಅವರವರಲ್ಲೇ ಮಾತಿಗೆ ಮಾತು ಬೆಳೆಯಿತು. ಮೇಷ್ಟ್ರಿಗೆ ನಗು ತಡೆಯಲಾಗಲಿಲ್ಲ. ಎಷ್ಟೋ ವರ್ಷಗಳ ಮೇಲೆ ಅವರ ಜಗಲಿ ಹೀಗೆ ತುಂಬಿತ್ತು. ಆದರೂ ಮನಸ್ಸಿನೊಳಗೆ ಆ ಖಾಲಿ ಜಾಗ ಚುಚ್ಚುತ್ತಲೇ ಇತ್ತು: ಎಷ್ಟು ವರ್ಷಗಳಿಂದ?

ಕೊನೆಗೆ ರಾಣಿಯ ಕೈಗೆ ಬಿಳಿ ಹಾಳೆ ಕೊಟ್ಟರು. ಅವಳು ಕಂಬಕ್ಕೊರಗಿ ಕೂತು, ಫೈಲನ್ನೇ ಮಣೆ ಮಾಡಿಕೊಂಡು ಬರೆದಳು. ಜಗಲಿಯಲ್ಲಿದ್ದವರೆಲ್ಲ ಉಸಿರು ಬಿಗಿಹಿಡಿದು ಅವಳ ಪೆನ್ನನ್ನೇ ನೋಡಿದರು. ಬರೆದದ್ದನ್ನು ಮೇಷ್ಟ್ರು ಕನ್ನಡಕ ಏರಿಸಿ ಓದಿದರು.

“ನಾಲ್ಕೂ ಮುಕ್ಕಾಲಿಗೆ ಎದ್ದೆ. ಕಸ ಗುಡಿಸಿ ನೀರು ತಂದೆ. ಎಮ್ಮೆ ಹಾಲು ಕರೆದು ಡೈರಿಗೆ ಹಾಕಿದೆ. ಅಜ್ಜಿಯ ಕಾಲಿಗೆ ಎಣ್ಣೆ ತಿಕ್ಕಿದೆ, ಸರಿಯಾಗಿ ತಿಕ್ಕಲಿಲ್ಲ ಎಂದು ಅಜ್ಜಿ ಬೈದರು. ಏಳು ಗಂಟೆಯ ಬಸ್ ಹತ್ತಿದೆ. ಸೀಟು ಸಿಕ್ಕಿತು. ರಾಮಾಪುರದಿಂದ ಹನೂರಿನ ತನಕ ನಿಂತೆ. ಹನೂರಿನಿಂದ ಕೊಳ್ಳೇಗಾಲಕ್ಕೆ ಕೂತು ಹೋದೆ. ನಾನು ಕೆಲಸ ಮಾಡುವ ಸೀರೆ ಅಂಗಡಿಯಲ್ಲಿ ಒಬ್ಬರಿಗೇ ನಲವತ್ತು ಸೀರೆ ಬಿಚ್ಚಿ ತೋರಿಸಿದೆ. ಅವರು ಒಂದೂ ತೆಗೆದುಕೊಳ್ಳಲಿಲ್ಲ. ಎಲ್ಲವನ್ನೂ ಮಡಿಸಿದೆ. ಮಧ್ಯಾಹ್ನ ರಜೆ ಕೇಳಿ ಹನೂರಿಗೆ ಬಂದೆ. ಪ್ರಿನ್ಸಿಪಾಲರು ಸಹಿ ಹಾಕಲಿಲ್ಲ. ಮನೆಗೆ ಬಂದು ಅತ್ತೆ. ಅಜ್ಜಿ ಮುದ್ದೆ ಮಾಡಿದರು, ಎರಡು ತಿಂದೆ. ಮಲಗಿದೆ.”

ಅತ್ತ ಮೇಲೂ ಎರಡು ಮುದ್ದೆ ತಿಂದವಳನ್ನು ಮೇಷ್ಟ್ರು ಮೆಚ್ಚುಗೆಯಿಂದ ನೋಡಿದರು. ಈ ಹಾಳೆಯಲ್ಲಿ ಒಂದು ಸುಳ್ಳೂ ಇರಲಿಲ್ಲ. ಆದರೆ ಒಂದು ಸಾಲು ಅವರಿಗೆ ಅರ್ಥವಾಗಲಿಲ್ಲ.

“ಸೀಟು ಸಿಕ್ಕಿತು ಅಂತೀಯ. ಮತ್ತೆ ರಾಮಾಪುರದಿಂದ ಹನೂರಿನ ತನಕ ಯಾಕಮ್ಮ ನಿಂತೆ?”

“ವಯಸ್ಸಾದವ್ರು ಒಬ್ರು ಬಸ್ ಅತ್ತಿದ್ರು ಸಾ. ಬುಟ್ಕೊಟ್ಟೆ.”

“ಹನೂರಲ್ಲಿ ಮತ್ತೆ ಕೂತಿದ್ದೀಯಲ್ಲ?”

“ಅವ್ರು ಅಲ್ಲೇ ಇಳೀತಾರೆ ಸಾ.”

“ಇಳೀತಾರೆ ಅಂದ್ರೆ? ದಿನಾ ಬರ್ತಾರಾ ಅವರು?”

ರಾಣಿ ನೆಲ ನೋಡಿದಳು. ಈರುಳ್ಳಿ ಹೆಚ್ಚುತ್ತಿದ್ದವರೂ ಬಾಗಿಲಿಗೆ ಬಂದರು. ಆಟೋದಲ್ಲಿ ಕೋಳಿ ಒಂದು ಸಲ ಕೂಗಿತು.

“ಹೇಳಮ್ಮ, ಯಾರದು? ರಾಮಾಪುರದವರಾದ್ರೆ ನಂಗೆ ಗೊತ್ತಿರ್ಲೇಬೇಕಲ್ಲ” ಎಂದರು ಮೇಷ್ಟ್ರು.

“ಗೊತ್ತಿಲ್ದೆ ಏನ್ ಸಾ” ಎಂದಿತು ದೊಡ್ಡಬಸಮ್ಮ, ಇನ್ನು ತಡೆಯಲಾರದೆ. “ದಿನಾ ಕನ್ನಡೀಲಿ ನೋಡ್ತೀರಲ್ಲ!”

ಹದಿಮೂರು ಜನರ ನಗು ಸೂರು ಮುಟ್ಟಿತು. ಸೌಟು ಹಿಡಿದುಕೊಂಡೇ ಓಡಿಬಂದ ಚನ್ನಮಲ್ಲಮ್ಮನಿಗೆ ಯಾರೋ ವಿಷಯ ಹೇಳಿದರು. ಆಕೆ ಬಾಗಿಲಚೌಕಟ್ಟು ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ತನಕ ನಕ್ಕರು. “ನಿಮ್ಮ ಹಣೇಲಿ ಬರ್ದಿದ್ದ ಸೀಟು ಇವಳೇ ನೋಡ್ರೀ!”

ಅಜ್ಜಿ ಎಲ್ಲ ಹೇಳಿತು. ರಾಣಿ ಕೊಳ್ಳೇಗಾಲದ ಕಾಲೇಜಿಗೆ ಸೇರಿದ ಮೊದಲ ವಾರ, ಮಂಡಿಗೆ ಪಟ್ಟಿ ಕಟ್ಟಿಕೊಂಡ ಮೇಷ್ಟ್ರೊಬ್ಬರು ತಿರುವಿನಲ್ಲಿ ಮುಗ್ಗರಿಸಿದ್ದನ್ನು ನೋಡಿದ್ದಳಂತೆ. ಅವತ್ತು ಎದ್ದು ಸೀಟು ಕೊಟ್ಟವಳು ಪಿಯುಸಿ ಎರಡು ವರ್ಷ, ಡಿಗ್ರಿ ಮೂರು ವರ್ಷ, ಸೀರೆ ಅಂಗಡಿಯ ಒಂದು ವರ್ಷ, ಬಸ್ಸಿನಲ್ಲಿ ಅವರನ್ನು ಕಂಡ ದಿನವೆಲ್ಲ ಎದ್ದಿದ್ದಳು. ಹೂಗ್ಯಂನಿಂದಲೇ ಆ ಸೀಟು ಹಿಡಿದುಕೊಂಡು ಬಂದು, ರಾಮಾಪುರದ ನಿಲ್ದಾಣ ಕಾಣುತ್ತಲೇ ಇಳಿಯುವವಳಂತೆ ಎದ್ದು ಬಾಗಿಲ ಕಡೆಗೆ ಸರಿಯುತ್ತಿದ್ದಳು.

“ನಿನ್ನೆ ಯಾಕಮ್ಮ ಹೇಳ್ಲಿಲ್ಲ?” ಎಂದು ಮೇಷ್ಟ್ರು ಕೇಳಿದರು. ದನಿ ಸಣ್ಣಗಾಗಿತ್ತು.

“ಸೀಟ್ ಕೊಟ್ಟಿದ್ಕೆ ಸೈನ್ ಕೇಳ್ದಂಗೆ ಆಯ್ತದೆ ಅಂತ ಸುಮ್ನಾದೆ ಸಾ. ನನ್ನ ಎಲ್ಲಿ ನೋಡಿದ್ದೀಯ ಅಂತ ನೀವು ಕೇಳ್ಲಿಲ್ಲ. ನಾನು ನಿನ್ನ ಎಲ್ಲಿ ನೋಡಿದ್ದೀನಿ ಅಂತ ಕೇಳುದ್ರಿ. ನೀವು ನೋಡಿಲ್ವಲ್ಲ ಸಾ.”

ಹುಡುಗಿ ಬೇಸರವಿಲ್ಲದೆ ಹೇಳಿದಳು, ನಿಜವನ್ನಷ್ಟೇ ಹೇಳಿದಳು. ಮೇಷ್ಟ್ರು ಅವಳ ನಮೂನೆ ತೆಗೆದುಕೊಂಡು ಎದ್ದು ಒಳಗೆ ಹೋಗಿಬಿಟ್ಟರು. ಜಗಲಿಯ ನಗು ಪಟ್ಟನೆ ಆರಿಹೋಯಿತು. ಸಾಹೇಬರಿಗೆ ಸಿಟ್ಟು ಬಂತು, ಸಹಿ ಹೋಯಿತು ಎಂದು ಶಾಂತರಾಜು ತಲೆ ಮೇಲೆ ಕೈಹೊತ್ತು ಕೂತ.

ಒಳಗೆ ಮೇಷ್ಟ್ರು ಮಂಚದ ತುದಿಯಲ್ಲಿ ಕೂತಿದ್ದರು. ಮೂವತ್ತು ವರ್ಷದ ಹಿಂದೆ ಕಡತದಿಂದ ತಲೆಯೆತ್ತದಿದ್ದ ಆ ಅಧಿಕಾರಿ ಅವರ ಕಣ್ಣ ಮುಂದೆ ಬಂದಿದ್ದ. ಅವನು ತಲೆಯೆತ್ತದೆ ಇದ್ದದ್ದು ಒಂದು ದಿನ, ತಾನು ಆರು ವರ್ಷ. ಉತ್ತರಪತ್ರಿಕೆ ತಿದ್ದುತ್ತಾ, ನಿಜ ಬರೆಯಿರಿ ಎಂದು ಕೆಂಪು ಶಾಯಿಯಲ್ಲಿ ಗೀಚುತ್ತಾ, ಪಕ್ಕದಲ್ಲಿ ಕಂಬಿ ಹಿಡಿದು ನಿಂತ ಮಗುವಿನ ಮುಖ ಒಂದು ಸಲವೂ ನೋಡಿರಲಿಲ್ಲ. ಅವರಿಗೆ ನಿಜವಾಗಿ ನಾಚಿಕೆಯಾಯಿತು.

ಹಿಂದೆಯೇ ಬಂದ ಚನ್ನಮಲ್ಲಮ್ಮ, “ಇದೇನ್ರೀ, ಆ ಮಗು ಅಳೋ ಹಾಗಾಗಿದೆ. ಬಂದು ಸಹಿ ಹಾಕಿ” ಎಂದರು.

“ಏನಂತ ಹಾಕ್ಲೇ? ಅವಳಿಗೆ ನಾನು ಆರು ವರ್ಷದಿಂದ ಗೊತ್ತು. ನಂಗೆ ಅವಳು ನಿನ್ನೆ ಮಧ್ಯಾಹ್ನದಿಂದ ಗೊತ್ತು. ಮುಖಾನೇ ನೋಡದವನು ಆರು ವರ್ಷ ಚೆನ್ನಾಗಿ ಗೊತ್ತು ಅಂತ ಬರೆದ್ರೆ ಅದು ಸುಳ್ಳಲ್ವಾ?”

ಚನ್ನಮಲ್ಲಮ್ಮ ಗಂಡನ ಕೈಯಲ್ಲಿದ್ದ ನಮೂನೆಯನ್ನು ಬೆರಳಿನಿಂದ ಕುಟ್ಟಿದರು. “ಮೇಲೆ ಏನಂತ ಅಚ್ಚಾಗಿದೆ, ಓದಿ.”

“ನಡತೆ ಪ್ರಮಾಣಪತ್ರ.”

“ಮುಖದ್ದಲ್ವಲ್ಲ? ಅವಳ ಮುಖ ನಿಮಗೆ ನಿನ್ನೆ ಗೊತ್ತಾಯ್ತು. ನಡತೆ ಆರು ವರ್ಷದಿಂದ ಗೊತ್ತು. ದಿನಾ ಅದರ ಮೇಲೇ ಕೂತ್ಕೊಂಡು ಹೋಗಿದ್ದೀರಿ.”

ಮೂವತ್ತು ವರ್ಷ ಇಂಗ್ಲಿಷ್ ಹೇಳಿಕೊಟ್ಟವರಿಗೆ ಆ ಸಾಲಿನ ಅರ್ಥವನ್ನು ಏಳನೇ ತರಗತಿಗೆ ಶಾಲೆ ಬಿಟ್ಟವಳು ಸೌಟು ಹಿಡಿದುಕೊಂಡು ಬಿಡಿಸಿ ಹೇಳಿದ್ದಳು. ಅವರು ಎದ್ದು, ಕೈಚೀಲದಿಂದ ಹಸಿರು ಪೆನ್ನೂ ಮೊಹರೂ ತೆಗೆದುಕೊಂಡು ಜಗಲಿಗೆ ಬಂದರು. ನಿಂತುಕೊಂಡೇ ಬರೆಯಲು ಹೋದವರು, ಬೇಡವೆಂದು ರಾಣಿಯ ಎದುರಿಗೆ ಕೂತರು. ಅವಳ ಮುಖವನ್ನು ಸರಿಯಾಗಿ ನೋಡಿದರು. ಎಡಹುಬ್ಬಿನ ಮೇಲೆ ಒಂದು ಹಳೇ ಗಾಯದ ಗೆರೆ ಇತ್ತು, ತೊಟ್ಟಿಯದೋ ಹೊಂಡದ್ದೋ. ಆಮೇಲೆ ಖಾಲಿ ಜಾಗದಲ್ಲಿ ಆರು ಎಂದು ಅಂಕಿಯಲ್ಲೂ ಅಕ್ಷರದಲ್ಲೂ ಬರೆದರು. ಯಾವ ಮಾತನ್ನೂ ಹೊಡೆದುಹಾಕಲಿಲ್ಲ. ಅವರ ಸಹಿ ಅಷ್ಟು ದೊಡ್ಡದಾಗಿ, ಅಷ್ಟು ಖುಷಿಯಾಗಿ ಎಂದೂ ಬಿದ್ದಿರಲಿಲ್ಲ.

ದೊಡ್ಡಬಸಮ್ಮ ಕಾಗದವನ್ನು ತಿರುವಿ ನೋಡಿ, ಇಷ್ಟಕ್ಕೆ ಇಷ್ಟೆಲ್ಲಾನಾ ಎಂದಿತು. ಹದಿನಾಲ್ಕು ಜನ ಸಾಲಾಗಿ ಕೂತು ಉಪ್ಪಿಟ್ಟು ತಿಂದರು, ಸಾಲದೆ ಬಂದು ಇನ್ನೊಂದು ಸಲ ರವೆ ಹುರಿಯಬೇಕಾಯಿತು. ಹೊರಡುವಾಗ ಕುಂಬಳಕಾಯಿ ಜಗಲಿಯಲ್ಲೇ ಉಳಿಯಿತು, ಕೋಳಿ ಮಾತ್ರ ಹೂಗ್ಯಂಗೆ ವಾಪಸ್ ಹೋಯಿತು.

ಸೋಮವಾರ ಏಳೂ ನಲವತ್ತಕ್ಕೆ ಬಸ್ಸು ಎಂದಿನಂತೆ ತುಂಬಿ ತುಳುಕುತ್ತಾ ರಾಮಾಪುರಕ್ಕೆ ಬಂತು. ಮೇಷ್ಟ್ರು ಹತ್ತಿದರು. ಬಾಗಿಲಿನ ಹಿಂದಿನ ಎರಡನೇ ಸೀಟಿನಿಂದ, ಹೊಸ ಚೂಡಿದಾರ ಹಾಕಿಕೊಂಡು ಮಡಿಲಲ್ಲಿ ಫೈಲು ಇಟ್ಟುಕೊಂಡಿದ್ದ ಹುಡುಗಿ ರೂಢಿಯ ಮೇಲೆ ಎದ್ದುಬಿಟ್ಟಳು.

“ಕೂತ್ಕೋ ರಾಣಿ” ಎಂದರು ಮೇಷ್ಟ್ರು.

ಆರು ವರ್ಷದಲ್ಲಿ ಅವರು ಅವಳನ್ನು ಹೆಸರು ಹಿಡಿದು ಕರೆದದ್ದು ಅದೇ ಮೊದಲು. ಅವಳು ಬೇಡ ಸಾ, ಮಂಡಿ ಸಾ ಎಂದಳು. ಮೇಷ್ಟ್ರು ಕೇಳಲಿಲ್ಲ. “ಇವತ್ತು ನೀನು ದೊಡ್ಡ ಕೆಲಸಕ್ಕೆ ಹೋಗ್ತಿದ್ದೀಯ, ಬಟ್ಟೆ ಮುದುರಿಕೊಂಡು ಹೋಗಬಾರದು” ಎಂದು ಗದರಿ ಕೂರಿಸಿದರು. ಉತ್ತರಪತ್ರಿಕೆಗಳು ಚೀಲದಲ್ಲೇ ಉಳಿದವು. ಒಂದು ಕೈಯಲ್ಲಿ ಕಂಬಿ ಹಿಡಿದು, ಯಳಂದೂರಿನ ಮೇಲೆ ಹೋಗುವ ಬಸ್ಸನ್ನೇ ಹಿಡಿ, ಮೂಲ ಪ್ರತಿಗಳನ್ನು ಯಾರ ಕೈಗೂ ಬಿಡಬೇಡ, ಉತ್ತರ ಹೇಳುವಾಗ ನೆಲ ನೋಡಬೇಡ ಎಂದು ದಾರಿಯುದ್ದಕ್ಕೂ ಹೇಳಿದರು. ತಿರುವುಗಳಲ್ಲಿ ಮಂಡಿ ಚೆನ್ನಾಗಿಯೇ ನೋಯಿತು. ಒಂದು ಕಡೆ ಮುಗ್ಗರಿಸಿದಾಗ ರಾಣಿ ಅವರ ತೋಳು ಹಿಡಿದುಕೊಂಡಳು.

ಟಿಕೆಟ್ ಕೊಡುತ್ತಾ ಹಿಂದಿನಿಂದ ಬಂದ ಕಂಡಕ್ಟರ್ ಮಾದಸ್ವಾಮಿ ಕಣ್ಣುಜ್ಜಿಕೊಂಡು ನೋಡಿದ. ಈ ಆರು ವರ್ಷವೂ ಆ ಸೀಟಿನ ಕತೆಯನ್ನು ಕಂಡೂ ಕಾಣದಂತೆ ಇದ್ದವನು ಅವನು.

“ಏನ್ ಸಾ, ಇವತ್ತು ಸೀಟ್ ಸಿಗ್ಲಿಲ್ವಾ?”

“ಸಿಕ್ಕಿತ್ತು ಕಣಪ್ಪ” ಎಂದರು ಮೇಷ್ಟ್ರು. “ನಂಗೆ ಚೆನ್ನಾಗಿ ಗೊತ್ತಿರೋ ಹುಡುಗಿ ಒಬ್ಬಳು ಹತ್ತಿದ್ಲು. ಬಿಟ್ಟುಕೊಟ್ಟೆ.”